ಡಬ್ಬಿ ಮೇಲಿನ ಎಂಜಿ, ಒಳಗಿನ ಎಂಜಿ: ನನ್ನ ಕೋಲಿನ್ ಲೆಕ್ಕ

"ರೀ, ಹೊರಗಡೆ ಮೀನು ಏನಾದ್ರೂ ತಿಂದು ಬಂದ್ರಾ?" ಅಂತ ನನ್ನ ಹೆಂಡ್ತಿ ಕೇಳಿದ್ದು ಒಂದು ಭಾನುವಾರ ಬೆಳಗ್ಗೆ, ನಾನಿನ್ನೂ ಹಾಸಿಗೆ ಬಿಟ್ಟೇ ಎದ್ದಿರ್ಲಿಲ್ಲ. ನಮ್ದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಇವ್ಳಿಗೆ ಮೀನಿನ ವಾಸ್ನೆ ಹೇಗೆ ಗೊತ್ತು ಅಂತೀರಾ, ಮಂಗಳೂರಲ್ಲಿ ಎರಡು ವರ್ಷ ಹಾಸ್ಟೆಲ್‌ನಲ್ಲಿದ್ದು ಓದಿದೋಳು, ಮೂಗು ಸುಳ್ಳು ಹೇಳಲ್ಲ. ನಾನು ಇಲ್ಲ ಅಂದೆ, ಅವ್ಳು ನಂಬ್ಲಿಲ್ಲ, ಸ್ನಾನ ಮಾಡಿ ಬಂದ್ಮೇಲೂ "ಇನ್ನೂ ಇದೆ" ಅಂದ್ಳು. ಆಮೇಲೆ ಗೊತ್ತಾಯ್ತು ವಾಸ್ನೆ ಬರ್ತಿದ್ದಿದ್ದು ಬಟ್ಟೆಯಿಂದ ಅಲ್ಲ, ನನ್ನ ಬೆವರಿಂದ, ಕಾರಣ ಏನಂದ್ರೆ ನಾನು ತಲೆ ಚುರುಕಾಗ್ಲಿ ಅಂತ ತಿಂಗಳಿಂದ ನೀರಲ್ಲಿ ಕಲಸಿ ಕುಡೀತಿದ್ದ ಬಿಳಿ ಪೌಡರ್ರು.

ಪೌಡರ್ ಹೆಸರು ಕೋಲಿನ್ ಬೈಟಾರ್ಟ್ರೇಟ್.

ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡೋನು. ಮಾರ್ಚ್ ಎಂಡಿಂದ ಜುಲೈವರೆಗೂ ಉಸಿರಾಡೋಕೂ ಪುರುಸೊತ್ತಿರಲ್ಲ. ಈ ಸಲ ಏನಾಯ್ತು ಅಂದ್ರೆ ಎದುರಿಗೆ ಕೂತ ಕಕ್ಷಿದಾರರ ಹೆಸರೇ ಬಾಯಿಗೆ ಬರ್ತಿರ್ಲಿಲ್ಲ, ಹತ್ತು ವರ್ಷದಿಂದ ಬರ್ತಿರೋರು, ಮುಖ ಗೊತ್ತು, ಅಂಗಡಿ ಗೊತ್ತು, ಮಗಳ ಮದ್ವೆ ಊಟ ಕೂಡ ಮಾಡಿ ಬಂದಿದೀನಿ, ಹೆಸರು ಮಾತ್ರ ಇಲ್ಲ. ಜಿಎಸ್‌ಟಿ ನಂಬರ್ 15 ಅಕ್ಷರ, ನೋಡಿ ಟೈಪ್ ಮಾಡೋಷ್ಟರಲ್ಲಿ ಮೂರು ಸಲ ಕಣ್ಣು ವಾಪಸ್ ಕಾಗದಕ್ಕೆ ಹೋಗ್ತಿತ್ತು. ಜಿಮ್ಮಿಗೆ ಹೋಗೋ ನಮ್ಮ ಆಫೀಸ್ ಹುಡುಗ "ಸಾರ್, ಆಲ್ಫಾ ಜಿಪಿಸಿ ತಗೊಳ್ಳಿ, ಬ್ರೈನ್ ರಾಕೆಟ್ ಆಗುತ್ತೆ" ಅಂದ. ಅದೂ ಕೋಲಿನ್ನಿನ ಒಂದು ರೂಪವೇ. ರೇಟ್ ನೋಡಿದೆ, ರಾಕೆಟ್ ನಿಜ. ಹಾಗೆ ಶುರುವಾಗಿದ್ದು ಈ ಹುಡುಕಾಟ, ಕಡಿಮೆ ದುಡ್ಡಲ್ಲಿ ಯಾವ ಕೋಲಿನ್ ಸಿಗುತ್ತೆ ಅಂತ.

ಕೋಲಿನ್ ಏನು ಅಂತ ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಇದು ವಿಟಮಿನ್ನಿನ ದಾಯಾದಿ ಇದ್ದಂಗೆ. ನಮ್ಮ ಲಿವರ್ ಸ್ವಲ್ಪ ತಾನೇ ಮಾಡ್ಕೊಳ್ಳುತ್ತೆ, ಸಾಲಲ್ಲ, ಮಿಕ್ಕಿದ್ದು ಊಟದಿಂದ ಬರ್ಬೇಕು. ಜೀವಕೋಶದ ಪೊರೆಗೆ ಬೇಕು, ಲಿವರಿಂದ ಕೊಬ್ಬು ಹೊರಗೆ ಸಾಗ್ಸೋಕೆ ಬೇಕು (ತೀರಾ ಕಮ್ಮಿಯಾದ್ರೆ ಫ್ಯಾಟಿ ಲಿವರ್ ಆಗುತ್ತೆ), ಮೆದುಳಲ್ಲಿ ಅಸಿಟೈಲ್ ಕೋಲಿನ್ ಅನ್ನೋ ರಾಸಾಯನಿಕ ತಯಾರಾಗೋಕೆ ಬೇಕು, ನೆನಪು, ಗಮನ ಎಲ್ಲಾ ಅದರ ಕೈಲೂ ಒಂದಿಷ್ಟು ಇದೆ. ಈ ಅಸಿಟೈಲ್ ಕೋಲಿನ್ ನರದಿಂದ ಸುದ್ದಿ ಸಾಗ್ಸುತ್ತೆ ಅಂತ ತೋರ್ಸಿದ ವಿಜ್ಞಾನಿ ಆಟೋ ಲೋವಿ ಕಥೆ ನನಗೆ ಬಹಳ ಇಷ್ಟ, ಯಾಕಂದ್ರೆ ಅವರೂ ನಮ್ಮ ಪಾರ್ಟಿನೇ. ರಾತ್ರಿ ಕನಸಲ್ಲಿ ಪ್ರಯೋಗ ಹೊಳೀತು, ನಿದ್ದೆಗಣ್ಣಲ್ಲಿ ಚೀಟಿಲಿ ಗೀಚಿ ಮಲಗಿದ್ರು, ಬೆಳಗ್ಗೆ ಎದ್ದು ನೋಡಿದ್ರೆ ತನ್ನ ಅಕ್ಷರ ತನಗೇ ಓದೋಕಾಗ್ಲಿಲ್ಲ, ಏನು ಹೊಳೆದಿತ್ತು ಅಂತ ನೆನಪೂ ಇಲ್ಲ. ಮಾರನೇ ರಾತ್ರಿ ಅದೇ ಕನಸು ಮತ್ತೆ ಬಿತ್ತು, ಈ ಸಲ ಚೀಟಿ ಗೀಟಿ ಏನೂ ಬೇಡ ಅಂತ ಎದ್ದು ಸೀದಾ ಲ್ಯಾಬಿಗೆ ಓಡಿ ಎರಡು ಕಪ್ಪೆ ಹೃದಯ ಇಟ್ಕೊಂಡು ಪ್ರಯೋಗ ಮಾಡಿದ್ರು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ದಿನಕ್ಕೆ ಎಷ್ಟು ಬೇಕು ಅಂದ್ರೆ, ಅಮೆರಿಕದೋರು 1998ರಲ್ಲಿ ಗಂಡಸರಿಗೆ 550 ಎಂಜಿ, ಹೆಂಗಸರಿಗೆ 425 ಅಂತ ಇಟ್ರು. ಯುರೋಪಿನೋರು 2016ರಲ್ಲಿ ದೊಡ್ಡೋರಿಗೆಲ್ಲಾ 400 ಸಾಕು ಅಂದ್ರು. ಅಮೆರಿಕದಲ್ಲೇ ಹತ್ತರಲ್ಲಿ ಸುಮಾರು ಒಂಬತ್ತು ಜನ ತಮಗೆ ಹೇಳಿರೋ ಅಳತೆ ಮುಟ್ಟಲ್ಲ, ಹಾಗಂತ ಅವರೆಲ್ಲಾ ಮರೆವಿನ ರೋಗಿಗಳಾಗಿ ಕೂತಿಲ್ಲ, ಅದಕ್ಕೇ ಅಂಕಿ ನೋಡಿ ಯಾರೂ ಎದೆ ಹೊಡ್ಕೋಬೇಡಿ.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ. ಡಬ್ಬಿ ಮೇಲೆ ದೊಡ್ಡದಾಗಿ 500 ಎಂಜಿ ಅಂತ ಇರುತ್ತಲ್ಲ, ಅದು ಕೋಲಿನ್ ಅಲ್ಲ. ಕೋಲಿನ್ ಅಂಟ್ಕೊಂಡಿರೋ ಇಡೀ ವಸ್ತುವಿನ ತೂಕ ಅದು. ಅಕ್ಕಸಾಲಿಗರ ಹತ್ರ ಹರಳಿನ ಉಂಗುರ ತಗೊಂಡಂಗೆ, ಹರಳು ಸೇರ್ಸಿ ತೂಗಿದ್ರೆ ಒಂದು ತೂಕ, ಬಂಗಾರ ಅಷ್ಟೇ ತೂಗಿದ್ರೆ ಇನ್ನೊಂದು ತೂಕ. ಬೈಟಾರ್ಟ್ರೇಟ್‌ನಲ್ಲಿ ಬಂಗಾರ ಸುಮಾರು 41%, ಅಂದ್ರೆ 500 ಎಂಜಿಲಿ ಕೋಲಿನ್ 205. ಆಲ್ಫಾ ಜಿಪಿಸಿಲಿ 40% ಹತ್ರ. ಸ್ಟ್ರೋಕ್ ಆದೋರಿಗೆ ಬರೆಯೋ ಸಿಟಿಕೋಲಿನ್ ಅನ್ನೋ ಇನ್ನೊಂದು ರೂಪದಲ್ಲಿ 21% ಅಷ್ಟೇ, 500ರ ಮಾತ್ರೆಲಿ ನೂರು ಚಿಲ್ರೆ. ಸೋಯಾದಿಂದ ತೆಗೆಯೋ ಲೆಸಿಥಿನ್ ಅಂತೂ ಇನ್ನೂ ತೆಳು, ಅದರಲ್ಲಿ ಕೋಲಿನ್ ಹೊತ್ಕೊಂಡಿರೋ ಕೊಬ್ಬು, ಅಂದ್ರೆ ಫಾಸ್ಫಟಿಡೈಲ್ ಕೋಲಿನ್ನೇ ನಾಲ್ಕನೇ ಒಂದು ಭಾಗದ ಆಸುಪಾಸು, ಆ ಫಾಸ್ಫಟಿಡೈಲ್ ಕೋಲಿನ್ ಒಳಗೆ ಕೋಲಿನ್ 13%. ಭಾಗದ ಭಾಗ. 1200 ಎಂಜಿ ಕ್ಯಾಪ್ಸೂಲ್ ನುಂಗಿದ್ರೆ ಸಿಗೋದು ಮೂವತ್ತೋ ನಲವತ್ತೋ ಎಂಜಿ.

ಇಷ್ಟು ಗೊತ್ತಾದ್ಮೇಲೆ ನನ್ನ ವೃತ್ತಿ ಚಟ ಸುಮ್ನಿರ್ಲಿಲ್ಲ, ಎಕ್ಸೆಲ್ ಶೀಟ್ ತೆಗೆದು ಎಲ್ಲಾದನ್ನೂ 100 ಎಂಜಿ ಕೋಲಿನ್‌ಗೆ ಎಷ್ಟು ರೂಪಾಯಿ ಅಂತ ಇಳಿಸ್ದೆ. ರೇಟು ನಾನು ಕೊಂಡಾಗಿನದು, ನಿಮಗೆ ಹೆಚ್ಚು ಕಮ್ಮಿ ಆಗುತ್ತೆ. ಬೈಟಾರ್ಟ್ರೇಟ್ ಪೌಡರ್ 100 ಗ್ರಾಂ 600 ರೂಪಾಯಿ, ಲೆಕ್ಕ ಹಾಕಿದ್ರೆ 100 ಎಂಜಿ ಕೋಲಿನ್ ಒಂದೂವರೆ ರೂಪಾಯಿಗೆ ಬಿತ್ತು. ಅದೇ ಸಾಮಾನು ಕ್ಯಾಪ್ಸೂಲ್ ರೂಪದಲ್ಲಿ ತಗೊಂಡ್ರೆ ಐದು ರೂಪಾಯಿ, ಖಾಲಿ ಕ್ಯಾಪ್ಸೂಲಿಗೂ ಡಬ್ಬಿಗೂ ಸೇರಿ ಮೂರು ಪಟ್ಟು. ಆಲ್ಫಾ ಜಿಪಿಸಿ 21 ರೂಪಾಯಿ. ಲೆಸಿಥಿನ್ ಕ್ಯಾಪ್ಸೂಲು ಒಂದಕ್ಕೆ ಎಂಟೇ ರೂಪಾಯಿ ಅಂತ ಅಗ್ಗ ಅನ್ಸುತ್ತೆ, ಕೋಲಿನ್ ಲೆಕ್ಕದಲ್ಲಿ ಅದೂ ಇಪ್ಪತ್ತು ದಾಟ್ತು. ಸಿಟಿಕೋಲಿನ್ 40ರ ಮೇಲೆ.

ಅದಕ್ಕೇ ನಾನು ಪೌಡರ್ ತರಿಸಿದ್ದು. ತಪ್ಪು ಅಲ್ಲಿ ಆಗ್ಲಿಲ್ಲ, ತಪ್ಪಾಗಿದ್ದು ಚಮಚದಲ್ಲಿ. ಡಬ್ಬಿ ಒಳಗೆ ಅಳತೆ ಚಮಚ ಇರ್ಲಿಲ್ಲ, ಮಾರಿದೋರಿಗೆ ಮೆಸೇಜ್ ಮಾಡಿದೆ, ಉತ್ತರ ಇಲ್ಲ. ನಾನು ಮನೆ ಟೀ ಚಮಚದಲ್ಲಿ ಗೋಪುರದಂಗೆ ತುಂಬಿ ಒಂದು, ಬೆಳಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಹಾಕ್ಕೊಂಡು ಕುಡೀತಾ ಹೋದೆ. ರುಚಿ ಹುಳಿ, ಹುಣಸೆಹಣ್ಣಿನ ಹುಳಿ, ಸುಮ್ನೆ ಹೋಲಿಕೆಗೆ ಹೇಳ್ತಿಲ್ಲ, ಹುಣಸೆಹಣ್ಣಲ್ಲಿರೋ ಹುಳಿಯೂ ಟಾರ್ಟಾರಿಕ್ ಆಸಿಡ್ಡೇ, ಈ ಪೌಡರಲ್ಲಿ ಕೋಲಿನ್ ಜೊತೆ ಕೂತಿರೋದೂ ಅದೇ. ಸಕ್ಕರೆ ಹಾಕಿದ್ರೆ ಪಾನಕ. ಡಬ್ಬಿ ಹನ್ನೆರಡು ದಿನಕ್ಕೆ ತಳ ಕಂಡಾಗ್ಲಾದ್ರೂ ನನಗೆ ಡೌಟ್ ಬರ್ಬೇಕಿತ್ತು, ಬರ್ಲಿಲ್ಲ, ಎರಡನೇ ಡಬ್ಬಿ ತರಿಸ್ದೆ, ಮೂರನೇದೂ ಬಂತು.

ಮೀನಿನ ಭಾನುವಾರದ ಮಾರನೇ ದಿನ ನಮ್ಮ ಕಕ್ಷಿದಾರರೇ ಆದ ಒಬ್ಬ ಅಕ್ಕಸಾಲಿಗರ ಅಂಗಡಿಗೆ ಚಮಚ, ಡಬ್ಬಿ ಎರಡನ್ನೂ ಹಿಡ್ಕೊಂಡು ಹೋದೆ. ಅವರು ಗಾಜಿನ ಪೆಟ್ಟಿಗೆ ಒಳಗಿನ ತಕ್ಕಡಿ ಬಾಗಿಲು ತೆಗೆದು, ಮೂಗುತಿ ತೂಗೋ ಪುಟ್ಟ ತಟ್ಟೆ ಮೇಲೆ ಕಾಗದ ಹಾಸಿ, ಪೌಡರ್ ಸುರಿದು, ಬಾಗಿಲು ಮುಚ್ಚಿ ಕಾದ್ರು. 4.1 ಗ್ರಾಂ. "ಏನ್ ಸಾರ್ ಇದು, ಬೂದಿ ಬಂಗಾರನಾ?" ಅಂದ್ರು. ಎರಡು ಹೊತ್ತಿಗೆ 8.2 ಗ್ರಾಂ, ಅದರಲ್ಲಿ ಕೋಲಿನ್ 3,360 ಎಂಜಿ. ದೊಡ್ಡೋರು ದಿನಕ್ಕೆ ಇದರ ಮೇಲೆ ಹೋಗ್ಬಾರ್ದು ಅಂತ ಹಾಕಿರೋ ಗೆರೆ 3,500, ಊಟದಿಂದ ಬರೋದು ಸೇರ್ಸಿದ್ರೆ ನಾನು ಗೆರೆ ಮೇಲೇ ನಿಂತಿದ್ದೆ. ಆ ಗೆರೆ ಹಾಕಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಬಿಪಿ ಇಳಿಯೋದು ಒಂದು, ಮೈ ಮೀನಿನ ವಾಸ್ನೆ ಹೊಡೆಯೋದು ಇನ್ನೊಂದು! ಕರುಳಲ್ಲಿರೋ ಬ್ಯಾಕ್ಟೀರಿಯಾ ಹೆಚ್ಚಾದ ಕೋಲಿನ್ನನ್ನ ಟ್ರೈಮಿಥೈಲಮೀನ್ ಮಾಡುತ್ತೆ, ಹಳೇ ಮೀನು ನಾರೋದೂ ಅದೇ ವಸ್ತುವಿಂದ. ಲಿವರ್ ಅದನ್ನ ಟಿಎಂಎಒ ಅನ್ನೋ ವಾಸ್ನೆ ಇಲ್ದಿರೋ ವಸ್ತುವಾಗಿ ಬದಲಾಯಿಸುತ್ತೆ, ಅದರ ಕೈಲಾಗೋಷ್ಟು. ಮಿಕ್ಕಿದ್ದು ಬೆವರು, ಉಸಿರು. ಈ ಟಿಎಂಎಒ ರಕ್ತದಲ್ಲಿ ಜಾಸ್ತಿ ಇರೋರಿಗೆ ಹೃದಯದ ತೊಂದ್ರೆ ಜಾಸ್ತಿ ಕಾಣಿಸ್ಕೊಂಡಿದೆ ಅಂತ 2011ರಿಂದ ಒಂದು ಚರ್ಚೆ ನಡೀತಾನೇ ಇದೆ, ಹಾಗಾಗಿ ಅಗ್ಗ ಸಿಕ್ತು ಅಂತ ಸುರ್ಕೊಳ್ಳೋ ಪದಾರ್ಥ ಇದಲ್ಲ.

ಆಲ್ಫಾ ಜಿಪಿಸಿನೂ ಒಂದು ಡಬ್ಬಿ ತರಿಸಿದ್ದೆ, ಹೋಲಿಕೆಗೆ ಅಂತ. ಇದರಲ್ಲಿ ಒಂದು ಕಣ್ಕಟ್ಟು ಇದೆ, ನೋಡ್ಕೊಳ್ಳಿ. ಮುಂದೆ 600 ಎಂಜಿ ಅಂತ ಇತ್ತು, ಹಿಂದೆ ಸಣ್ಣಕ್ಷರದಲ್ಲಿ "50%" ಅಂತ. ಅಂದ್ರೆ ಆಲ್ಫಾ ಜಿಪಿಸಿ 300, ಮಿಕ್ಕಿದ್ದು ಸಿಲಿಕಾ ತರದ ಒಣ ಪುಡಿ, ಕೊನೆಗೆ ಕೋಲಿನ್ 120. ಪೂರ್ತಿ ಮೋಸ ಅನ್ನೋಕೂ ಆಗಲ್ಲ, ಯಾಕಂದ್ರೆ ಶುದ್ಧ ಆಲ್ಫಾ ಜಿಪಿಸಿ ಗಾಳಿಲಿರೋ ನೀರೆಲ್ಲಾ ಎಳ್ಕೊಂಡು ಅಂಟಂಟಾಗುತ್ತೆ, ಪುಡಿ ಬೆರಸ್ದಿದ್ರೆ ಕ್ಯಾಪ್ಸೂಲಲ್ಲಿ ತುಂಬೋದೇ ಕಷ್ಟ. ನನ್ನ ಡಬ್ಬಿ ಜುಲೈ ಮಳೇಲಿ ಮುಚ್ಚಳ ಸರಿಯಾಗಿ ಹಾಕ್ದೆ ಎರಡು ದಿನ ಇತ್ತು. ಅವ್ವ ಅಡುಗೆಮನೆ ಕಪಾಟಿಂದ ತೆಗೆದು "ಇದೇನೋ ಜೋನಿಬೆಲ್ಲ ಗುಳಿಗೇಲಿ ತುಂಬ್ಯಾರ" ಅಂದ್ಳು, ನಿಜಕ್ಕೂ ಕ್ಯಾಪ್ಸೂಲೆಲ್ಲಾ ಒಂದಕ್ಕೊಂದು ಅಂಟಿ ಮುದ್ದೆ.

ಆಲ್ಫಾ ಜಿಪಿಸಿ ಮಾರೋರು ಹೇಳೋದು, ಇದು ಮೆದುಳಿಗೆ ಚೆನ್ನಾಗಿ ಹೋಗುತ್ತೆ, ಬೈಟಾರ್ಟ್ರೇಟ್ ಹೋಗಲ್ಲ ಅಂತ. ಸ್ವಲ್ಪ ನಿಜ ಇರಬಹುದು. ಅಲ್ಜೈಮರ್ ಇರೋರಿಗೆ ದಿನಕ್ಕೆ 1,200 ಎಂಜಿ ಆರು ತಿಂಗಳು ಕೊಟ್ಟು ಒಂದಿಷ್ಟು ಸುಧಾರಣೆ ಕಂಡ ಅಧ್ಯಯನ 2003ರಲ್ಲಿ ಬಂತು. ಆದ್ರೆ ಅವರು ರೋಗಿಗಳು, ನಾನು ಕೆಲಸ ಜಾಸ್ತಿಯಾಗಿ ತಲೆ ಕೆಟ್ಟಿರೋನು, ಅವರ ಫಲಿತಾಂಶ ತಂದು ನನಗೆ ಮಾರೋದು ನ್ಯಾಯ ಅಲ್ಲ. ಕೊರಿಯಾದಲ್ಲಿ ಇದನ್ನ ಡಾಕ್ಟ್ರು ಬಹಳ ಬರೀತಾರೆ, ಅಲ್ಲೇ 50 ದಾಟಿದ ಲಕ್ಷಾಂತರ ಜನರ ದಾಖಲೆ ತೆಗೆದು ನೋಡಿ 2021ರಲ್ಲಿ ಬರೆದಿದ್ದು, ಇದನ್ನ ತಗೊಂಡೋರಲ್ಲಿ ಹತ್ತು ವರ್ಷದಲ್ಲಿ ಸ್ಟ್ರೋಕ್ ಹೆಚ್ಚಾಗಿ ಕಂಡಿದೆ ಅಂತ. ಇದರಿಂದಲೇ ಆಯ್ತು ಅಂತ ಅದು ಸಾಬೀತು ಮಾಡಲ್ಲ, ಮೊದಲೇ ತೊಂದ್ರೆ ಇರೋರೇ ಜಾಸ್ತಿ ತಗೊಂಡಿರಬಹುದು. ನಮ್ಮ ಅಪ್ಪಾಜಿಗೆ ಸ್ಟ್ರೋಕ್ ಆಗಿದೆ, ಮನೆತನದಲ್ಲಿ ಬಿಪಿ ಇದೆ, ನನಗೆ ಅಷ್ಟು ಓದಿದ್ದೇ ಸಾಕಾಯ್ತು, ಡಬ್ಬಿ ಎತ್ತಿಟ್ಟೆ.

ಅಪ್ಪಾಜಿ ವಿಷ್ಯ ಬಂತಲ್ಲ, ಸಿಟಿಕೋಲಿನ್ ಬಗ್ಗೆ. ನಮ್ಮ ಕಡೆ ಸ್ಟ್ರೋಕ್ ಆದೋರ ಮನೆ ಮಾತ್ರೆ ಡಬ್ಬಿಲಿ ಇದರ ಸ್ಟ್ರಿಪ್ ಇಲ್ದೆ ಇರೋದು ಕಮ್ಮಿ. ಅಪ್ಪಾಜಿಗೂ ಬರೆದಿದ್ರು, ತಗೊಂಡ್ರು, ಅವರ ಕೈ ವಾಪಸ್ ಬಂದಿದ್ದು ಮಾತ್ರ ದಿನಾ ಮನೆಗೆ ಬಂದು ಬೆರಳು ಬೆರಳೂ ಬಿಡಿಸ್ತಿದ್ದ ಫಿಸಿಯೋ ಹುಡುಗಿಯಿಂದ ಅಂತ ನನ್ನ ನಂಬಿಕೆ. ಉಳಿದ ಸ್ಟ್ರಿಪ್ಪಿಂದ ನಾನೂ ಎರಡು ಮಾತ್ರೆ ನುಂಗಿದ್ದೆ, ಒಪ್ಕೋತೀನಿ, ಆಮೇಲೆ ಓದಿದೆ. ಸ್ಪೇನ್, ಪೋರ್ಚುಗಲ್, ಜರ್ಮನಿ ಸೇರಿ 2,298 ಸ್ಟ್ರೋಕ್ ರೋಗಿಗಳಿಗೆ ಅರ್ಧ ಜನಕ್ಕೆ ಸಿಟಿಕೋಲಿನ್, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ ಕೊಟ್ಟು ನೋಡಿದ ಇಕ್ಟಸ್ ಪ್ರಯೋಗ 2012ರಲ್ಲಿ ಹೊರಬಂತು, ವ್ಯತ್ಯಾಸ ಇಲ್ಲ. ಅಮೆರಿಕದಲ್ಲಿ ತಲೆಗೆ ಪೆಟ್ಟು ಬಿದ್ದ 1,213 ಜನರ ಮೇಲೆ ಮಾಡಿದ ಕೋಬ್ರಿಟ್ ಪ್ರಯೋಗದ ಫಲಿತಾಂಶವೂ ಅದೇ ವರ್ಷ ಬಂತು, ಅಲ್ಲೂ ಇಲ್ಲ. ಡಾಕ್ಟ್ರು ಬರೆದಿದ್ರೆ ನಿಮ್ಮ ಪಾಡಿಗೆ ತಗೊಳ್ಳಿ, ನನ್ನ ಮಾತು ಕೇಳಿ ನಿಲ್ಲಿಸ್ಬೇಡಿ. ನೂರು ಎಂಜಿ ಕೋಲಿನ್‌ಗೋಸ್ಕರ ಅಂಗಡಿಗೆ ಹೋಗಿ ನೀವಾಗೇ ಕೊಳ್ಳೋ ವಸ್ತು ಮಾತ್ರ ಅಲ್ಲ ಇದು.

ಸೋಯಾ ಲೆಸಿಥಿನ್ ಪುಡಿ, ಅಂದ್ರೆ ಹಳದಿ ಹರಳು ಹರಳಾಗಿ ಬರುತ್ತಲ್ಲ ಅದು, ಕ್ಯಾಪ್ಸೂಲಿಗಿಂತ ವಾಸಿ. ಒಂದು ದೊಡ್ಡ ಚಮಚಕ್ಕೆ 220ರಿಂದ 250 ಎಂಜಿ ಕೋಲಿನ್ ಸಿಗುತ್ತೆ. ಮಜ್ಜಿಗೆಲಿ ಹಾಕಿದೆ, ಕರಗಲ್ಲ, ತೇಲುತ್ತೆ, ಹಲ್ಲಿಗೆ ಮೇಣ ಮೆತ್ತಿದಂಗೆ ಮೆತ್ಕೊಳ್ಳುತ್ತೆ. ಮೂರು ದಿನಕ್ಕೆ ಸಾಕಾಯ್ತು.

ಇದೆಲ್ಲಾ ಆದ್ಮೇಲೆ ಬೆಟ್ಟ ಅಗೆದು ಇಲಿ ಹಿಡಿದಂಗೆ ನಾನು ಬಂದು ನಿಂತಿದ್ದು ನಮ್ಮ ಆಫೀಸ್ ಕೆಳಗಿನ ಮೊಟ್ಟೆ ಗಾಡಿ ಮುಂದೆ. ಒಂದು ಬೇಯಿಸಿದ ಮೊಟ್ಟೆಲಿ ಸುಮಾರು 147 ಎಂಜಿ ಕೋಲಿನ್, ಬಹುಪಾಲು ಹಳದಿ ಭಾಗದಲ್ಲೇ. ಲೆಸಿಥಿನ್ ಅನ್ನೋ ಹೆಸರೇ ಗ್ರೀಕ್ ಭಾಷೇಲಿ ಮೊಟ್ಟೆ ಹಳದಿಗಿರೋ ಪದದಿಂದ ಬಂದಿದ್ದು. ನಮ್ಮ ಜಿಮ್ ಹುಡುಗ ಹಳದಿ ತೆಗೆದು ನಾಯಿಗೆ ಹಾಕಿ ಬಿಳಿ ತಿಂತಾನೆ, ಆಮೇಲೆ 1,500 ಕೊಟ್ಟು ಆಲ್ಫಾ ಜಿಪಿಸಿ ಕೊಳ್ತಾನೆ, ಆ ಬೀದಿನಾಯಿ ಏನು ಚುರುಕು ಅಂತೀರಿ. ಮೊಟ್ಟೆ ಏಳು ರೂಪಾಯಿ ಅಂದ್ಕೊಂಡ್ರೆ 100 ಎಂಜಿ ಕೋಲಿನ್ ಐದು ರೂಪಾಯಿಗೆ, ಜೊತೆಗೆ ಪ್ರೋಟೀನು, ಬಿ12 ಪುಕ್ಕಟೆ. ನಾನು ಕದ್ದು ತಿನ್ನೋನು, ಮನೇಲಿ ಗೊತ್ತಿದೆ, ಗೊತ್ತಿಲ್ದಂಗೆ ಇರ್ತಾರೆ.

ಮೊಟ್ಟೆ ಮುಟ್ದಿರೋರಿಗೆ ಲೆಕ್ಕ ಸ್ವಲ್ಪ ಬಿಗಿ. ಒಂದು ಕಪ್ ಹಾಲಲ್ಲಿ 40 ಚಿಲ್ರೆ, ಅರ್ಧ ಕಪ್ ಬೆಂದ ರಾಜ್ಮಾದಲ್ಲಿ 45, ದೊಡ್ಡ ಆಲೂಗಡ್ಡೆ ಒಂದಕ್ಕೆ 57, ಒಂದು ಹಿಡಿ ಶೇಂಗಾದಲ್ಲಿ 24, ಹೂಕೋಸಲ್ಲೂ ಅಷ್ಟೇ. ಹುರಿದ ಸೋಯಾ ಕಾಳು ಒಂದೇ ಗಟ್ಟಿ ಆಸಾಮಿ, ಅರ್ಧ ಕಪ್ಪಿಗೆ 107. ನಮ್ಮ ಅವ್ವನ ಇಡೀ ದಿನದ ಊಟ, ರೊಟ್ಟಿ, ಪಲ್ಯ, ಹಾಲು, ಮೊಸರು ಎಲ್ಲಾ ಕೂಡಿಸಿದ್ರೆ 250 ಆಸುಪಾಸಿಗೆ ನಿಲ್ತು. ಇಂಥೋರಿಗೆ ದಿನಕ್ಕೆ ಒಂದು ಬೈಟಾರ್ಟ್ರೇಟ್ ಕ್ಯಾಪ್ಸೂಲು ಸಾಕು, ಅದಕ್ಕಿಂತ ದುಬಾರಿದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸಾಕು ಅಂದ್ರೆ ಕೊರತೆ ತುಂಬೋಕೆ ಸಾಕು. ನೆನಪಿನ ಶಕ್ತಿ ಹೆಚ್ಚುತ್ತಾ ಅಂದ್ರೆ, ಆರೋಗ್ಯವಾಗಿರೋ ಯುವಕರಿಗೆ ಎರಡೂವರೆ ಗ್ರಾಂವರೆಗೂ ಒಂದೇ ಸಲಕ್ಕೆ ಕೊಟ್ಟು ನೆನಪು ಪರೀಕ್ಷೆ ಮಾಡಿದ್ರು 2016ರಲ್ಲಿ, ಏನೂ ಬದಲಾಗ್ಲಿಲ್ಲ.

ಕೋಲಿನ್ ನಿಜವಾಗಿ ಮುಖ್ಯ ಆಗೋ ಜಾಗ ಬಸಿರಿ ಹೆಂಗಸರದ್ದು, ಅದರ ಬಗ್ಗೆ ಮಾತ್ರ ಯಾರೂ ಜಾಹೀರಾತು ಕೊಡಲ್ಲ. ಅವರಿಗೆ 450, ಹಾಲುಣಿಸೋರಿಗೆ 550 ಎಂಜಿ. ಕಾರ್ನೆಲ್‌ನಲ್ಲಿ 2018ರಲ್ಲಿ ಬಂದ ಅಧ್ಯಯನದಲ್ಲಿ ಕೊನೇ ಮೂರು ತಿಂಗಳು ದಿನಕ್ಕೆ 930 ಎಂಜಿ ತಗೊಂಡ ತಾಯಂದಿರ ಮಕ್ಕಳು 480 ತಗೊಂಡೋರ ಮಕ್ಕಳಿಗಿಂತ ಕಣ್ಣಿಗೆ ಕಂಡಿದ್ದಕ್ಕೆ ಬೇಗ ಸ್ಪಂದಿಸಿದ್ವಂತೆ, 26 ಜನ ಅಷ್ಟೇ, ಚಿಕ್ಕ ಪ್ರಯೋಗ. ಆದ್ರೂ ನಮ್ಮ ತಂಗಿ ಬಸುರಿದ್ದಾಗ ಕೊಟ್ಟ ಮಾತ್ರೆ ಡಬ್ಬಿ ತಿರುಗಿಸಿ ನೋಡಿದೆ, ಕಬ್ಬಿಣ ಇದೆ, ಫೋಲಿಕ್ ಆಸಿಡ್ ಇದೆ, ಕೋಲಿನ್ ಇಲ್ಲ. ಡಾಕ್ಟ್ರನ್ನ ಕೇಳು ಅಂದೆ, ಕೇಳಿದ್ಳು.

ಇನ್ನೊಂದು ಹೇಳ್ಲೇಬೇಕು. ಅವ್ವಂಗೂ ಮರೆವು ಜಾಸ್ತಿಯಾಗಿತ್ತು, ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿಬಿಡೋದು, ಮಧ್ಯಾಹ್ನ ಕೂತಲ್ಲೇ ತೂಕಡಿಸೋದು. ಅವಳಿಗೂ ಪೌಡರ್ ಕೊಡೋಣ ಅಂತ ನಾನು ತಯಾರಾಗಿದ್ದೆ. ಅಷ್ಟರಲ್ಲಿ ಔಷಧಿ ಅಂಗಡಿ ಹುಡುಗ, ತಿಂಗಳ ಮಾತ್ರೆ ತರೋಕೆ ಹೋದಾಗ, "ಅಜ್ಜಿ ಈ ತುರಿಕೆ ಮಾತ್ರೆ ಇನ್ನೂ ದಿನಾ ತಗೊಂತಾರಾ?" ಅಂದ. ಯಾವಾಗ್ಲೋ ಮೈ ತುರಿಕೆಗೆ ಬರೆದಿದ್ದು, ಬೆಳ್ಳಿ ಚೀಟಿ ಚಿಕ್ಕ ಮಾತ್ರೆ, ಎರಡು ವರ್ಷದಿಂದ ದಿನಾ ರಾತ್ರಿ ನುಂಗ್ತಿದ್ದಾಳೆ, ನಿದ್ದೆ ಚೆನ್ನಾಗಿ ಬರುತ್ತೆ ಅಂತ. ಕ್ಲೋರ್‌ಫೆನಿರಮೈನ್ ತರದ ಆ ಹಳೇ ಕಾಲದ ಅಲರ್ಜಿ, ನೆಗಡಿ ಮಾತ್ರೆಗಳು ಮಾಡೋದೇನು ಗೊತ್ತಾ, ಅಸಿಟೈಲ್ ಕೋಲಿನ್ ಹೋಗಿ ಕೂರ್ಬೇಕಾದ ಕುರ್ಚಿಲಿ ತಾವೇ ಹೋಗಿ ಕೂರ್ತವೆ. ವಯಸ್ಸಾದೋರಿಗೆ ಮಂಪರು, ಮರೆವು, ಬಾಯಿ ಒಣಗೋದು ಎಲ್ಲಾ ಅದರಿಂದ ಬರುತ್ತೆ. ನಾನು ಒಂದು ಕೈಲಿ ಕೋಲಿನ್ ಸುರಿಯೋಕೆ ಹೊರಟಿದ್ದೆ, ಅವ್ವ ಇನ್ನೊಂದು ಕೈಲಿ ಬಾಗಿಲಿಗೆ ಅಗಳಿ ಹಾಕ್ತಿದ್ಳು. ಡಾಕ್ಟ್ರಿಗೆ ತೋರಿಸಿ ಆ ಮಾತ್ರೆ ನಿಲ್ಲಿಸಿದ್ವಿ. ಮೂರು ವಾರ ಆದ್ಮೇಲೆ ಅವ್ವ ನನ್ನ ಮೊಬೈಲ್ ನಂಬರ್ ನೋಡ್ದೆ ಹೇಳಿದ್ಳು, ಹಾಲೂ ಉಕ್ಕಿಲ್ಲ.

ಅವ್ವನ್ನ ಡಾಕ್ಟ್ರಿಗೆ ತೋರಿಸಿದ ದಿನಾನೇ ನನ್ನ ಬಿ12 ಟೆಸ್ಟೂ ಮಾಡ್ಸಿದ್ರು (ಈ ವಿಟಮಿನ್ ಕಮ್ಮಿಯಾದ್ರೂ ಮರೆವು ಬರುತ್ತೆ), ನಿರೀಕ್ಷಿಸಿದಂಗೇ ಕೆಳಗಿತ್ತು, ಇಂಜೆಕ್ಷನ್ ಆಯ್ತು. ಹಾಗಾಗಿ ಈಗ ನನ್ನ ತಲೆ ಸ್ವಲ್ಪ ಓಡ್ತಿದ್ರೆ ಅದು ಬಿ12ನೋ, ಕೋಲಿನ್ನೋ, ಜುಲೈ ಮುಗಿದಿದ್ದೋ ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ.

ಈಗ ನಡೀತಿರೋದು ಇಷ್ಟು. ಮೊಟ್ಟೆ ಗಾಡಿ ಇರೋ ದಿನ ಎರಡು ಮೊಟ್ಟೆ, ಪೌಡರ್ ಇಲ್ಲ. ಶ್ರಾವಣ, ಸೋಮವಾರ, ಹಬ್ಬದ ದಿನ ಒಂದು ಗ್ರಾಂ ಪೌಡರ್, ಅಂದ್ರೆ 410 ಎಂಜಿ ಕೋಲಿನ್, ನಿಂಬೆ ಶರಬತ್ತಲ್ಲಿ. ಒಂದು ಗ್ರಾಂ ಅಂದ್ರೆ ಎಷ್ಟು ಅಂತ ಅಕ್ಕಸಾಲಿಗರೇ ತೂಗಿ, ಕುಂಕುಮದ ಬೆಳ್ಳಿ ಚಮಚ ಒಂದನ್ನ ಗೆರೆ ಎಳೆದು ಗುರುತು ಮಾಡ್ಕೊಟ್ರು, ದುಡ್ಡು ತಗೊಳ್ಳಲಿಲ್ಲ, "ರಿಟರ್ನ್ ಫೀಸಲ್ಲಿ ಕಳ್ಕೊಳ್ಳಿ ಸಾರ್" ಅಂದ್ರು. ಹೆಂಡ್ತಿ ವಾರಕ್ಕೊಂದ್ಸಲ ನನ್ನ ಬನಿಯನ್ ಮೂಸಿ ನೋಡ್ತಾಳೆ, ಮತ್ತೆ ವಾಸ್ನೆ ಬಂದ್ರೆ ಡಬ್ಬಿ ಮೋರಿಗೆ ಅಂತ ಮೊದಲೇ ಹೇಳಿಟ್ಟಿದ್ದಾಳೆ. ಅಕ್ಕಸಾಲಿಗರ ರಿಟರ್ನ್ ಟೈಮಿಗೆ ಫೈಲ್ ಮಾಡಿದೆ, ಫೀಸಲ್ಲಿ ಕಳೆಯೋದು ಮರೆತೆ, ಅವರೇ ಫೋನ್ ಮಾಡಿ ನೆನಪಿಸಿದ್ರು.